ಅತ್ತೆ ಸುಮ್ಮನಿದ್ದ ರೆಕಾರ್ಡು

ಆ ತಿಂಗಳು ನಮ್ಮೂರಿನಲ್ಲಿ ಅಂಗಿಯ ಗುಂಡಿಗಳೆಲ್ಲ ನೆಟ್ಟಗಿದ್ದವರನ್ನು ಕಂಡರೆ ಜನಕ್ಕೆ ಅನುಮಾನ. ಒಂದು ಗುಂಡಿ ಕಿತ್ತುಹೋಗಿ ಅಲ್ಲೊಂದು ದಾರದ ಎಳೆ ಇಣುಕುತ್ತಿದ್ದರೆ ಅವರು ತೀರ್ಮಾನಕ್ಕೆ ಬಂದವರು, ನಾಲ್ಕು ಜನರ ನಡುವೆ ತಲೆಯೆತ್ತಿ ನಡೆಯಬಹುದಾದವರು ಎಂದು ಅರ್ಥ. ಎಲ್ಲ ಗುಂಡಿಗಳನ್ನೂ ಇಟ್ಟುಕೊಂಡು ತರಕಾರಿಗೆ ಹೋದರೆ, "ಏನಮ್ಮಾ, ಇನ್ನೂ ಯೋಚ್ನೆ ಮಾಡ್ತಾನೇ ಇದೀಯಾ? ವ್ಯಾನು ಹೋದ್ಮೇಲೆ ಕೂತು ಅಳ್ತೀಯಾ?" ಎಂದು ಬದನೆಕಾಯಿ ತೂಗುವವಳೂ ಕೇಳುತ್ತಿದ್ದಳು. ನನ್ನ ಗುಂಡಿಗಳು ಕೊನೆಯ ವಾರದವರೆಗೂ ಒಂದೂ ಅಲುಗದೆ ಇದ್ದವು. ಬಿ.ಎ. ಓದಿದವರಿಗೆ ತೀರ್ಮಾನ ತಡ ಎಂದು ನಮ್ಮೂರಿನಲ್ಲಿ ಮೊದಲಿನಿಂದಲೂ ಒಂದು ಮಾತಿದೆ.

ಆದದ್ದು ಇಷ್ಟೆ. ಇನ್ನಾಸಪ್ಪನವರ ರೆಕಾರ್ಡು ಅಂಗಡಿಗೆ ಕಂಪನಿಯಿಂದ ಒಂದು ಕಾಗದ ಬಂದಿತ್ತು. ಹಳೆಯ ಜಾಝ್ ರೆಕಾರ್ಡುಗಳನ್ನೆಲ್ಲ ತೊಳೆದು, ತಿಕ್ಕಿ, ಅವುಗಳಲ್ಲಿದ್ದ ಗೊರಗೊರ ಸದ್ದು ತೆಗೆದು ಹೊಸದಾಗಿ ಅಚ್ಚು ಹಾಕಿದ್ದೇವೆ. ತಿಂಗಳ ಕೊನೆಯ ಸೋಮವಾರ ವ್ಯಾನು ಬರುತ್ತದೆ. ಅಂಗಡಿಯಲ್ಲಿರುವ ಹಳೆಯ ನಲವತ್ತೊಂದನ್ನೂ ಅದರಲ್ಲಿ ಹಾಕಿ ಕಳಿಸಿ, ಹೊಸ ನಲವತ್ತೊಂದನ್ನು ಇಳಿಸಿಕೊಳ್ಳಿ. ಅದಕ್ಕೆ ಮೊದಲೇ ಯಾರಾದರೂ ಹಳೆಯದನ್ನು ಕೊಂಡು ಮನೆಗೆ ಒಯ್ದಿದ್ದರೆ ಅದು ಅವರ ಪಾಡು. ಬೇರೆ ಊರಾಗಿದ್ದರೆ ಜನ ಸಂತೋಷಪಡುತ್ತಿದ್ದರು. ನಮ್ಮೂರಿನಲ್ಲಿ ಅಂದು ಮೂರು ಮನೆಗಳಲ್ಲಿ ಒಲೆ ಹೊತ್ತಲಿಲ್ಲ.

ಯಾಕೆಂದರೆ ನಮ್ಮೂರಿನ ರೆಕಾರ್ಡುಗಳು ಹಾಡುವುದಷ್ಟೇ ಅಲ್ಲ, ಕೇಳಿಸಿಕೊಳ್ಳುತ್ತವೆ ಕೂಡ. ಮುಳ್ಳು ಓಡುತ್ತಿರುವಾಗ ಎದುರಿಗೆ ಯಾರಾದರೂ ಕೆಮ್ಮಿದರೆ, ಆಕಳಿಸಿದರೆ, ಪಕ್ಕದ ಮನೆಯವರ ಮಗಳ ಮದುವೆಯ ವಿಷಯ ತೆಗೆದರೆ ಅದೂ ಹೋಗಿ ಗೆರೆಗಳ ನಡುವೆ ಕೂತುಬಿಡುತ್ತದೆ. ಎಲ್ಲವೂ ಕೂರುವುದಿಲ್ಲ. ಯಾವುದು ಕೂತೀತು, ಯಾವುದು ಜಾರೀತು ಎಂದು ಹೇಳಬಲ್ಲವರು ಇನ್ನೂ ಹುಟ್ಟಿಲ್ಲ. ಬೇರೆ ಊರುಗಳಲ್ಲಿ ಹೀಗಾಗುವುದಿಲ್ಲವಂತೆ. ಅಲ್ಲಿಯವರು, ಪಾಪ, ಬರೀ ಸಂಗೀತ ಕೇಳಬೇಕು.

ನಮ್ಮಲ್ಲಿ ಯಾರೂ ರೆಕಾರ್ಡನ್ನು ಮನೆಯಲ್ಲಿ ಇಟ್ಟುಕೊಳ್ಳದಿರುವುದಕ್ಕೂ ಇದೇ ಕಾರಣ. ಹಿಂದೆ ಹೊಸದಾಗಿ ಮದುವೆಯಾದ ಜೋಡಿಯೊಂದು ಆಸೆಪಟ್ಟು ಒಂದು ಪಿಯಾನೋ ರೆಕಾರ್ಡು ಕೊಂಡೊಯ್ದಿತ್ತು. ಆರು ತಿಂಗಳಾದ ಮೇಲೆ ಹುಡುಗನ ತಾಯಿ ಬಂದಾಗ ಪ್ರೀತಿಯಿಂದ ಹಾಕಿ ಕೇಳಿಸಿದರು. ಪಿಯಾನೋ ಒಂಚೂರು ಉಸಿರು ತೆಗೆದುಕೊಂಡ ಕಡೆಯಲ್ಲಿ, "ನಿಮ್ಮಮ್ಮ ಬರ್ತಾರೆ ಅಂದ್ರೆ ನಾನು ತವರಿಗೆ ಹೊರಟೆ" ಎಂಬುದು ಸ್ಪಷ್ಟವಾಗಿ, ತಾಳಕ್ಕೆ ಸರಿಯಾಗಿ ಬಂತು. ಅಂದಿನಿಂದ ಊರಿಗೆ ಊರೇ ಇನ್ನಾಸಪ್ಪನವರ ಅಂಗಡಿಯ ಬೆಂಚುಗಳ ಮೇಲೆ ಕೂತು ಜಾಝ್ ಕೇಳುತ್ತದೆ. ಗುಂಡಿ ಕಾರ್ಖಾನೆಯ ಸಂಜೆಯ ಸೈರನ್ ಕೂಗಿತೆಂದರೆ ಕೈಕಾಲು ತೊಳೆದು ಎಲ್ಲರೂ ಅಲ್ಲಿ. ಹೀಗೆ ವರ್ಷಗಟ್ಟಲೆ ಕೂತು ಕೂತು ಆ ನಲವತ್ತೊಂದು ರೆಕಾರ್ಡುಗಳ ತುಂಬ ಊರೇ ಇತ್ತು. ಕಂಪನಿಯವರು ಗೊರಗೊರ ಎಂದು ಕರೆದದ್ದು ನಮ್ಮನ್ನೇ.

ಇನ್ನಾಸಪ್ಪನವರು ನ್ಯಾಯವಂತರು. ಕಾಗದ ಬಂದ ದಿನವೇ ಅಂಗಡಿಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದರು: ಮನೆಗೆ ಒಂದೇ ರೆಕಾರ್ಡು. ಬೇಕಾದುದರ ಹೊದಿಕೆಯ ಮೇಲೆ ಮೈಮೇಲಿನ ಬಟ್ಟೆಯಿಂದ ಕಿತ್ತ ಒಂದು ಗುಂಡಿ ಇಡಬೇಕು. ಗುಂಡಿ ಕಾರ್ಖಾನೆಯ ಊರಿನಲ್ಲಿ ಅಂಗಡಿಯಲ್ಲಿ ಸಿಗುವ ಬಿಡಿ ಗುಂಡಿಗೆ ಬೆಲೆಯಿಲ್ಲ. ಶನಿವಾರ ಮಧ್ಯಾಹ್ನದವರೆಗೆ ಗುಂಡಿಯನ್ನು ಒಂದರಿಂದ ಇನ್ನೊಂದಕ್ಕೆ ಸರಿಸಬಹುದು, ಆದರೆ ಎತ್ತಿದ ಜಾಗಕ್ಕೆ ಯಾರು ಬೇಕಾದರೂ ಬರಬಹುದು. ಒಂದರ ಮೇಲೆ ಎರಡು ಗುಂಡಿ ಬಿದ್ದರೆ ಶನಿವಾರ ಆ ರೆಕಾರ್ಡನ್ನು ಎಲ್ಲರೆದುರು ಹಾಕಲಾಗುವುದು. ಅದು ಮುಗಿಯುವುದರೊಳಗೆ ಇಬ್ಬರೂ ತಮಗೆ ಯಾಕೆ ಬೇಕೆಂದು ಬಾಯಿಬಿಟ್ಟು ಹೇಳಬೇಕು. ಬೆಂಚಿನವರು ಒಪ್ಪಿದವರಿಗೆ ರೆಕಾರ್ಡು.

ಬಾಯಿಬಿಟ್ಟು ಎಂಬ ಪದವನ್ನು ಓದಿ ನಾನು ಮನೆಗೆ ಹೋಗಿ ಹೊದ್ದುಕೊಂಡು ಮಲಗಿದೆ.

ಊರಿನವರು ಮಾತ್ರ ಎದ್ದು ಕೂತರು. ಮೊದಲ ದಿನ ಮೊದಲ ಗುಂಡಿ ಇಟ್ಟದ್ದು ಪುರಸಭೆಯ ಮಾಜಿ ಸದಸ್ಯರೊಬ್ಬರು. ಅವರಿಗೆ ಜಾಝ್ ಎಂದರೆ ತಲೆನೋವು. ಆದರೆ ಒಂದು ಸ್ಯಾಕ್ಸೋಫೋನ್ ರೆಕಾರ್ಡಿನಲ್ಲಿ ಅವರು, "ಮೂರನೇ ಅಡ್ಡರಸ್ತೆಗೆ ಯುಗಾದಿಯೊಳಗೆ ನಲ್ಲಿ ಬರದಿದ್ದರೆ ನನ್ನ ಹೆಸರು ಬದಲಾಯಿಸಿ" ಎಂದದ್ದು ಕೂತಿತ್ತು. ಮೂರನೇ ಅಡ್ಡರಸ್ತೆಯವರು ಹದಿನಾರು ವರ್ಷದಿಂದ ವಾರಕ್ಕೊಮ್ಮೆ ಅದನ್ನೇ ಕೇಳಿ ಹಾಕಿಸುತ್ತಿದ್ದರು. ಅಂಚೆಯಣ್ಣ ತನ್ನ ಸೀನು ಇರುವ ರೆಕಾರ್ಡನ್ನು ಹಿಡಿದ. ಗುಂಡಿ ಇಟ್ಟವರಲ್ಲಿ ಕೆಲವರು ತಮ್ಮ ರೆಕಾರ್ಡಿಗೆ ಕೊನೆಯ ಗಳಿಗೆಯಲ್ಲಿ ಒಳ್ಳೆಯ ಮಾತು ಸೇರಿಸಲು ಹೊರಟರು. ಒಬ್ಬಾಕೆ ಟ್ರಂಪೆಟ್ಟಿನ ಎದುರು ಕೂತು, "ನಮ್ಮ ಸೊಸೆ ಬಂಗಾರ, ಬಂಗಾರ" ಎಂದು ನಾಲ್ಕು ಸಲ ಹೇಳಿದಳು. ಒಂದೂ ಕೂರಲಿಲ್ಲ. ಹೇಳಿ ಮುಗಿದ ಮೇಲೆ ಬಂದ ಬಿಕ್ಕಳಿಕೆ ಮಾತ್ರ ಅಚ್ಚಾಗಿ ಕೂತಿತು.

ಸಂಗೀತಕ್ಕಾಗಿ ರೆಕಾರ್ಡು ಕೊಳ್ಳಲು ಹೊರಟವರು ಊರಿಗೆಲ್ಲ ಒಬ್ಬರೇ: ಡ್ರಾಯಿಂಗ್ ಕಲಿಸುತ್ತಿದ್ದ ಅಡಿವೆಪ್ಪ ಮಾಸ್ತರು. ಎಲ್ಲೋ ಬಡಗಣ ಕಡೆಯಿಂದ ವರ್ಗವಾಗಿ ಬಂದು ಇಲ್ಲೇ ನಿವೃತ್ತರಾದವರು. ಸಂಜೆಯ ಗದ್ದಲ ಆಗದೆಂದು ಬೆಳಿಗ್ಗೆ ಒಬ್ಬರೇ ಬಂದು, ಕಣ್ಣುಮುಚ್ಚಿ ಕೂತು ಕೇಳಿ ಹೋಗುವವರು. "ಹೊಸಾದು ಬರತೈತಿ ಅಂತ ಕುಂತೀರಲ್ಲ, ಹೊಸಾದ್ರಾಗ ಏನಿರತೈತಿ?" ಎಂದು ಬೆಂಚಿನವರನ್ನು ಕೇಳುತ್ತಿದ್ದರು. "ಆ ದೊಡ್ಡ ತಂತೀ ಬೇಸ್ ಬಾರಿಸೋ ಮನಿಷಾ ಹಿಂದ ಗ್ವಾಡಿಗೆ ಆತು ನಿಂತಾನ, ಹಂಗ ನಿಲ್ಲಲಿ ಅಂತ ಅವರು ಅವತ್ತ ನಿಲ್ಲಿಸ್ಯಾರ. ಈಗ ತೊಳಿಯೋ ಮಂದಿ ಅವನ ರಟ್ಟಿ ಹಿಡದು ಮುಂದ ಎಳಕೊಂಡು ಬರ್ತಾರ. ಮುದುಕಿಗೆ ಪೌಡರ್ ಹಚ್ಚಿದಂಗ." ಪೌಡರ್ ಹಚ್ಚುವ ಮುದುಕಿಯರು ಇಬ್ಬರು ಬೆಂಚಿನಲ್ಲಿದ್ದರು. ಮಾಸ್ತರಿಗೆ ಅಂದು ಚಹಾ ಸಿಗಲಿಲ್ಲ.

ನನಗೆ ಬೇಕಾಗಿದ್ದದ್ದು ಅತ್ತೆಯ ದನಿ. ಕಾತ್ಯಾಯಿನಿ ಅತ್ತೆ, ಊರಿಗೆಲ್ಲ ಕಾತಿ, ನಮ್ಮಪ್ಪನ ಅಕ್ಕ. ನನ್ನನ್ನು ಮೂರು ವರ್ಷದವಳಿದ್ದಾಗಿನಿಂದ ಸಾಕಿದವಳು. ಗುಂಡಿ ಕಾರ್ಖಾನೆಯಲ್ಲಿ ತೂತು ಕೊರೆಯುವ ಮೆಷಿನ್ನಿನ ಮುಂದೆ ಇಪ್ಪತ್ತೆಂಟು ವರ್ಷ ಕೂತು, ಮೆಷಿನ್ನಿಗಿಂತ ಒಂದು ಮೆಟ್ಟಿಲು ಮೇಲೇ ಮಾತಾಡುವುದನ್ನು ರೂಢಿಸಿಕೊಂಡವಳು. ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಯಿತು. ಈಗ ಕೊರಳಿಗೆ ದಾರ ಕಟ್ಟಿದ ಸ್ಲೇಟು ತೂಗುತ್ತದೆ. ಮಾತು ಕಮ್ಮಿಯಾಗಿಲ್ಲ, ಬಳಪ ಸವೆಯುವುದು ಜಾಸ್ತಿಯಾಗಿದೆ. ನಾನು ಯಾರ ಹತ್ತಿರವೂ ಮಾತಾಡದವಳೆಂದು ನನ್ನನ್ನು ಮೂಗಿ ಎಂದು ಕರೆಯುತ್ತಿದ್ದವಳು ಅವಳು. ಆಸ್ಪತ್ರೆಯಲ್ಲಿ ಕಣ್ಣುಬಿಟ್ಟು ಸ್ಲೇಟಿನಲ್ಲಿ ಬರೆದ ಮೊದಲ ವಾಕ್ಯ: "ಇನ್ನು ಮನೇಲಿ ಮಾತಾಡೋಳು ನೀನಾ? ಕೆಟ್ವಿ."

ನಾನು ಹತ್ತು ವರ್ಷದವಳಿದ್ದಾಗಿನಿಂದ ಡೈರಿ ಬರೆಯುತ್ತೇನೆ. ಹನ್ನೆರಡು ಡೈರಿಗಳ ತುಂಬ ಅತ್ತೆ ಆಡಿದ ಮಾತುಗಳಿವೆ. ಆದರೆ ಈ ಒಂದು ವರ್ಷದಲ್ಲಿ ಏನೋ ಆಗಿದೆ. ಆ ಮಾತುಗಳನ್ನು ಓದಿದರೆ ನನ್ನದೇ ದನಿಯಲ್ಲಿ ಕೇಳುತ್ತವೆ. ಅವಳ ದನಿ ಹೇಗಿತ್ತು ಎಂದು ಕಣ್ಣುಮುಚ್ಚಿ ನೆನೆದರೆ ಮೊದಲು ತೂತು ಕೊರೆಯುವ ಮೆಷಿನ್ನು ಕೇಳುತ್ತದೆ, ಅದರಾಚೆ ಯಾರೋ ನಗುತ್ತಿರುವ ಹಾಗೆ ಇರುತ್ತದೆ, ಅಷ್ಟೆ. ಸೋಮವಾರ ವ್ಯಾನು ಹೋದಮೇಲೆ ಅದೂ ಇರುವುದಿಲ್ಲ ಎಂದು ನನಗೆ ಹೆದರಿಕೆಯಾಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಡೈರಿಗೆ ಹೇಳಿದ್ದೆ.

ಹಾಗಾಗಿ ಓದಿದವರು ಮಾಡುವ ಕೆಲಸವನ್ನೇ ಮಾಡಿದೆ: ಪಟ್ಟಿ ಮಾಡಿದೆ. ಹನ್ನೆರಡು ಡೈರಿಗಳನ್ನೂ ಹರವಿಕೊಂಡು, ಯಾವ ರೆಕಾರ್ಡು ಓಡುವಾಗ ಅತ್ತೆ ಏನೇನು ಮಾತಾಡಿದ್ದಳು ಎಂದು ಹುಡುಕಿದೆ. ನಮ್ಮೂರಿನಲ್ಲಿ ಹೊದಿಕೆಯ ಇಂಗ್ಲಿಷ್ ಹೆಸರುಗಳನ್ನು ಯಾರೂ ಹೇಳುವುದಿಲ್ಲ. ಮೇಲಿನ ಚಿತ್ರವೇ ಹೆಸರು. "ಮೂರು ಕುರ್ಚಿ"ಯಲ್ಲಿ ಅತ್ತೆ ಬಾಡಿಗೆದಾರರಿಗೆ ಬೈದಿದ್ದಳು. "ಹಡಗಿನ ಬಾಲ"ದಲ್ಲಿ ಹಾಗಲಕಾಯಿ ಗೊಜ್ಜಿನ ವಿಧಾನ, ಆದರೆ ಬೆಲ್ಲ ಎಷ್ಟು ಎನ್ನುವ ಕಡೆಗೆ ಡ್ರಮ್ಮು ಬಂದುಬಿಡುತ್ತದೆ. "ಹಸಿರು ಬಾಗಿಲು" ಎಂಬ ಒಂದರ ಬಗ್ಗೆ ಮಾತ್ರ ಮೂರು ಬೇರೆ ಬೇರೆ ವರ್ಷಗಳಲ್ಲಿ ನಾನು ಒಂದೇ ತರಹ ಬರೆದಿದ್ದೆ: "ಇವತ್ತು ಹಸಿರು ಬಾಗಿಲು ಹಾಕಿದರು. ಅತ್ತೆ ಮಾತಾಡಲಿಲ್ಲ. ಜ್ವರ ಇರಬಹುದು." ಅದಕ್ಕೆ ಅಡ್ಡಗೆರೆ ಎಳೆದು ಪಟ್ಟಿಯಿಂದ ತೆಗೆದೆ. ಊರಿನವರಿಗೂ ಅದು ಅಷ್ಟಕ್ಕಷ್ಟೆ. ಎರಡನೇ ಬದಿ ಎಷ್ಟು ನಿಧಾನವೆಂದರೆ ಮೊದಲ ರಾಗ ಮುಗಿಯುವುದರೊಳಗೆ ಯಾರಾದರೂ, "ಇನ್ನಾಸಪ್ಪಾ, ಜೋಗುಳ ಸಾಕು" ಎನ್ನುತ್ತಿದ್ದರು. ಅವರು ಮುಳ್ಳು ಎತ್ತಿ ಬೇರೆ ಹಾಕುತ್ತಿದ್ದರು.

ಒಂದು ವಾರ ದಿನಾ ಮಧ್ಯಾಹ್ನ ಇನ್ನಾಸಪ್ಪನವರು ನನಗಾಗಿ ಅಂಗಡಿ ತೆರೆದರು. ನಾನು ಕಾಗದದಲ್ಲಿ ಹೆಸರು ಬರೆದು ತೋರಿಸುತ್ತಿದ್ದೆ, ಅವರು ಹಾಕುತ್ತಿದ್ದರು. "ಬಾಯಲ್ಲಿ ಹೇಳಿದ್ರೆ ನಾನೇನು ಕಚ್ತೀನಾ ಹೈಮೂ?" ಎನ್ನುತ್ತಿದ್ದರು. ಹೈಮವತಿ ಎಂಬುದು ನನ್ನ ಹೆಸರು; ಅದನ್ನು ಹೇಳಿಕೊಳ್ಳುವ ಸಂದರ್ಭ ನನಗೆ ಅಷ್ಟಾಗಿ ಬರುವುದಿಲ್ಲ. ಏಳು ರೆಕಾರ್ಡು ಕೇಳಿ ಕೊನೆಗೆ "ಛತ್ರಿ"ಯನ್ನು ಆರಿಸಿದೆ. ಬಿಸಿಲಿನಲ್ಲಿ ಛತ್ರಿ ಹಿಡಿದು ನಿಂತ ದಪ್ಪ ಮನುಷ್ಯನ ಚಿತ್ರ. ಮೊದಲ ಬದಿಯಲ್ಲಿ ಟ್ರಂಪೆಟ್ಟು ಏಣಿ ಹತ್ತಿದ ಹಾಗೆ ಮೇಲೆ ಮೇಲೆ ಹೋಗಿ, ಇನ್ನು ಮೆಟ್ಟಿಲಿಲ್ಲ ಎನ್ನುವಾಗ ಅತ್ತೆ ನಗುತ್ತಾಳೆ. ಒಂದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಕೊನೆಗೆ "ಅಯ್ಯೋ ಸಾಕು, ಸಾಕು ಕಣೆ" ಎಂದು ಉಸಿರಿಗಾಗಿ ಒದ್ದಾಡುತ್ತ. ಕೇಳುವಾಗ ನನ್ನ ಕೈಯಲ್ಲಿದ್ದ ಪೆನ್ಸಿಲ್ಲು ಮುರಿಯಿತು. ಅದರ ಮೇಲೆ ಯಾರ ಗುಂಡಿಯೂ ಇರಲಿಲ್ಲ. ನನ್ನ ಕುರ್ತಾದ ತೋಳಿನ ಗುಂಡಿ ಕಿತ್ತು ಇಟ್ಟೆ. ಯಾರೊಂದಿಗೂ ಮಾತಾಡದೆ ಕೆಲಸ ಮುಗಿಯಿತಲ್ಲ ಎಂದು ಅಂದಿನ ಡೈರಿಯಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದೇನೆ.

ಮನೆಗೆ ಬಂದು ತೋಳು ತೋರಿಸಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದಳು. ಯಾವುದು ಎಂದು ಹುಬ್ಬಿನಲ್ಲೇ ಕೇಳಿದಳು.

"ಛತ್ರಿ. ನಿನ್ನ ನಗು ಇದೆ ಅದ್ರಲ್ಲಿ. ಪೂರ್ತಿ."

ಅವಳು ಸ್ಲೇಟು ಎಳೆದುಕೊಂಡಳು. "ಬೇಡ. ಹಸಿರು ಬಾಗಿಲು ತಗೋ."

"ಅತ್ತೆ, ಅದ್ರಲ್ಲಿ ನೀನಿಲ್ಲ. ನಾನು ಡೈರಿ ನೋಡಿದೀನಿ. ಒಂದು ಮಾತೂ ಆಡಿಲ್ಲ ನೀನು."

"ಅದಕ್ಕೇ."

"ಅದಕ್ಕೇ ಅಂದ್ರೆ?"

"ನನ್ನ ನಗು ನಾನು ಐವತ್ತೆಂಟು ವರ್ಷ ಕೇಳಿದೀನಿ. ಬೇಜಾರು. ಹಸಿರು ಬಾಗಿಲು." ಅಳಿಸಿದಳು. ಮತ್ತೆ ಬರೆದಳು: "ನಿನ್ನ ಡೈರಿಗೆ ಎಲ್ಲ ಗೊತ್ತಾ?"

ನನಗೆ ನಿಜವಾಗಿ ಸಿಟ್ಟು ಬಂತು. ಅವಳ ದನಿ ಬೇಕಾಗಿದ್ದದ್ದು ಅವಳಿಗಲ್ಲ, ನನಗೆ. ಅದನ್ನು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಅತ್ತೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸ್ಲೇಟಿನಲ್ಲಿ ಸಣ್ಣ ಅಕ್ಷರದಲ್ಲಿ, ಗೇಲಿಯಿಲ್ಲದೆ ಬರೆದಳು: "ನನಗೋಸ್ಕರ." ಸಾಕಿದ ಇಷ್ಟು ವರ್ಷಗಳಲ್ಲಿ ಅವಳು ತನಗೆ ಎಂದು ಕೇಳಿದ್ದು ಎರಡೋ ಮೂರೋ ಸಲ, ಅದೂ ಬಿಸಿನೀರು. ಗುರುವಾರ, ಶುಕ್ರವಾರ ನಾನು ಅವಳೊಂದಿಗೆ ಮಾತು ಬಿಟ್ಟೆ. ವ್ಯತ್ಯಾಸ ಅವಳಿಗೆ ಗೊತ್ತಾಯಿತೋ ಇಲ್ಲವೋ. ಶನಿವಾರ ಬೆಳಿಗ್ಗೆ ಎದ್ದು, ಆಯಿತು, ಅವಳಿಗೆ ಬೇಕಾದದ್ದೇ ಬರಲಿ ಎಂದು ಹೊರಟೆ. ಅವಳೂ ಚಪ್ಪಲಿ ಮೆಟ್ಟಿ ಹಿಂದೆಯೇ ಬಂದಳು.

ಅಂಗಡಿ ತುಂಬಿತ್ತು. ನಾನು ಗೋಡೆ ಸವರಿಕೊಂಡು ಹೋಗಿ "ಛತ್ರಿ"ಯ ಮೇಲಿದ್ದ ನನ್ನ ಗುಂಡಿಯನ್ನು ಎತ್ತಿದೆ. ಎತ್ತಿದ ಕೈ ಇನ್ನೂ ಗಾಳಿಯಲ್ಲಿದೆ, ಆ ಜಾಗದಲ್ಲಿ ಟಪ್ ಎಂದು ಒಂದು ದೊಡ್ಡ ಕೆಂಪು ಗುಂಡಿ ಬಿತ್ತು. ಟೈಲರ್ ಜೈನಾಬಿ. ಈ ಅಂಗಡಿಯ ಬೆಂಚಿನಲ್ಲಿ ಅತ್ತೆಯ ಪಕ್ಕದ ಜಾಗದಲ್ಲಿ ಮೂವತ್ತು ವರ್ಷ ಕೂತವಳು. ಇಡೀ ತಿಂಗಳು ಊರಿನವರ ಕಿತ್ತ ಗುಂಡಿಗಳಿಗೆ ಬದಲಿ ಹೊಲಿದು ಬೆರಳು ನೋಯಿಸಿಕೊಂಡವಳು.

"ಹಂಗ್ಯಾಕ್ ನೋಡ್ತೀಯಮ್ಮಾ? ನಗು ನಿಮ್ಮತ್ತೇದು ಇರ್ಬೋದು. ಆ ನಗು ಬಂದಿದ್ದು ನನ್ ಜೋಕಿಗೆ. ಜೋಕು ಕೂರ್ಲಿಲ್ಲ, ನಗು ಕೂತ್ಕೊಂತು. ನನ್ ನಸೀಬು." ಅತ್ತೆಯ ಕಡೆ ತಿರುಗಿ, "ಅಲ್ವೇನೇ ಕಾತಿ?" ಎಂದಳು. ಅತ್ತೆ ಬರೆದಳು: "ಜೋಕು ಅಷ್ಟೇನೂ ಚೆನ್ನಾಗಿರಲಿಲ್ಲ."

ನಾನು "ಹಸಿರು ಬಾಗಿಲು" ಇದ್ದ ಮೂಲೆಗೆ ಹೋದೆ. ಯಾರಿಗೂ ಬೇಡದ ರೆಕಾರ್ಡು, ಇಟ್ಟು ಬಂದರಾಯಿತು ಎಂದುಕೊಂಡಿದ್ದೆ. ಅದರ ಮೇಲೆ ಆಗಲೇ ಒಂದು ಗುಂಡಿ ಕೂತಿತ್ತು. ಹಳೆಯ ಕೋಟಿನ ಕಂದು ಗುಂಡಿ, ಸುತ್ತ ಬಣ್ಣದ ಕಲೆ. ಅಡಿವೆಪ್ಪ ಮಾಸ್ತರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ನಾನು ತಿರುಗಿ "ಛತ್ರಿ"ಯನ್ನು ನೋಡಿದೆ. ಕೆಂಪು ಗುಂಡಿ. ಮುಂದೆ ಕಂದು, ಹಿಂದೆ ಕೆಂಪು, ನನ್ನ ಕೈಯಲ್ಲಿ ನನ್ನದು. ಈಗ ನಾನು ಇದನ್ನು ಎಲ್ಲಿಯೂ ಇಡದೆ ಮನೆಗೆ ಹೋಗಬಹುದು. ಆಗ ಅತ್ತೆಯ ನಗುವೂ ಇಲ್ಲ, ಅತ್ತೆ ಬೇಡಿದ್ದೂ ಇಲ್ಲ. ಇಲ್ಲವೆ ಮಾಸ್ತರ ಗುಂಡಿಯ ಪಕ್ಕದಲ್ಲಿಟ್ಟು ಊರಿನೆದುರು ಬಾಯಿಬಿಡಬೇಕು.

ಹಿಂದಿನಿಂದ ಬೆನ್ನಿಗೆ ಸ್ಲೇಟಿನ ಮೂಲೆ ಚುಚ್ಚಿತು. ಗುಂಡಿ ಇಟ್ಟೆ.

"ಓಹೋ!" ಎಂದಿತು ಬೆಂಚು. ಇಷ್ಟು ದಿನ ಎರಡು ಗುಂಡಿ ಬಿದ್ದದ್ದು ಇದೊಂದೇ ರೆಕಾರ್ಡಿನ ಮೇಲೆ. ಚಹಾದವನು ಲೋಟ ತೊಳೆಯುವುದು ನಿಲ್ಲಿಸಿ ಒಳಗೆ ಬಂದ.

ಮಾಸ್ತರು ಎದ್ದು ನಿಂತರು. "ನಾ ಮೊದಲ ಹೇಳ್ತೀನಿ. ಈ ಅಂಗಡ್ಯಾಗ ನಲವತ್ತೊಂದು ಪ್ಲೇಟ್ ಅದಾವು. ನಲವತ್ತರಾಗ ನೀವ ಅದೀರಿ, ನಿಮ್ಮ ಕೆಮ್ಮು ಐತಿ, ನಿಮ್ಮ ಬೀಗರ ಜಗಳ ಐತಿ. ಇದೊಂದರಾಗ ಸಂಗೀತ ಐತಿ. ಯಾಕಂದ್ರ ನೀವು ಇದನ್ನ ಯಾವತ್ತೂ ಪೂರಾ ಕೇಳಿಲ್ಲ. ಬೇಸ್ ಬಾರಿಸಾಂವ ಗ್ವಾಡಿಗೆ ಆತು ನಿಂತಲ್ಲೇ ನಿಂತಾನ. ಅವನ್ನ ಅಲ್ಲೇ ಬಿಟ್ಟು ಸಾಯಬೇಕಂತ ನನ್ನ ಆಸೆ. ಅಷ್ಟ." ಕೂತರು. ಚೆನ್ನಾಗಿತ್ತು. ಪೌಡರ್ ಹಚ್ಚುವ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು.

ಇನ್ನಾಸಪ್ಪನವರು ರೆಕಾರ್ಡು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಎರಡನೇ ಬದಿ ಮೇಲೆ ಮಾಡಿ ಇಟ್ಟರು. "ಹೈಮೂ, ಇದು ಮುಗಿಯೋದ್ರೊಳಗೆ ಹೇಳ್ಬೇಕು. ಒಂದೇ ಮಾತಾದ್ರೂ ಸಾಕು. ಬರೆದು ತೋರ್ಸೋದು ನಡೆಯಲ್ಲ."

"ಅವರತ್ತೆಗಾದ್ರೆ ಬರೀಬೋದು, ಅವಳಿಗೆ ರಿಯಾಯ್ತಿ ಇದೆ. ಈ ಹುಡುಗಿಗೆ ಯಾಕೆ?" ಎಂದ ಅಂಚೆಯಣ್ಣ. ಅತ್ತೆ ಅವನತ್ತ ಸ್ಲೇಟು ಎತ್ತಿ ಹಿಡಿದಳು. ಏನು ಬರೆದಿದ್ದಳೋ, ಅವನು ಕೂತುಬಿಟ್ಟ.

ಮುಳ್ಳು ಇಳಿಯಿತು. ಮೊದಲ ರಾಗ. ಯಾರೋ ತೇವದ ಸೀರೆ ಒಗೆದು ಒಗೆದು ಇಡುವ ಹಾಗೆ ಡ್ರಮ್ಮಿನ ಮೇಲೆ ತಂತಿಯ ಕುಂಚ ಆಡುತ್ತಿತ್ತು. ದೂರದಲ್ಲಿ ಬೇಸ್. ಮಾಸ್ತರು ಹೇಳಿದ್ದು ಸತ್ಯ. ಅದರಲ್ಲಿ ಯಾರೂ ಇರಲಿಲ್ಲ. ನ್ಯಾಯದ ಪ್ರಕಾರ ಇದು ಅವರದೇ ಎಂದು ನನಗೂ ಅನ್ನಿಸಿತು. ನನಗೆ ಯಾಕೆ ಬೇಕು? ನನಗೆ ಬೇಡವೇ ಬೇಡ, ನಮ್ಮತ್ತೆಗೆ ಬೇಕು. ಅವಳಿಗೆ ಯಾಕೆ ಬೇಕು? ಗೊತ್ತಿಲ್ಲ. ಇದನ್ನು ಇಷ್ಟು ಜನರೆದುರು ಹೇಗೆ ಹೇಳುವುದು? ಮನಸ್ಸಿನಲ್ಲೇ ವಾಕ್ಯ ಕಟ್ಟಿದೆ, ಒಡೆದೆ, ಇನ್ನೊಂದು ಕಟ್ಟಿದೆ. ಮೊದಲ ರಾಗ ಮುಗಿಯಿತು. ಈ ಸಲ ಯಾರೂ ಜೋಗುಳ ಎನ್ನಲಿಲ್ಲ. ಮುಳ್ಳು ಎರಡು ರಾಗಗಳ ನಡುವಿನ ಖಾಲಿ ಗೆರೆಗೆ ಬಂತು.

ಅಲ್ಲೊಂದು ಮಗುವಿನ ದನಿ, ಮೂಗಿನಲ್ಲಿ, ಬಹಳ ಸ್ಪಷ್ಟವಾಗಿ: "ಇನ್ನೊಂದ್ ಸಲ ಹಾಕ್ತೀರಾ?"

ಎರಡನೇ ರಾಗ ಶುರುವಾಯಿತು.

ಬೆಂಚಿನ ಮೇಲೆ ನಗು ಎದ್ದಿತು. "ಯಾರ ಮಗೂರೀ ಅದು?" "ಇದರಲ್ಲೂ ನಮ್ಮೋರೇ!" ಮಾಸ್ತರು ಮಾತ್ರ ಮುಖ ಹುಳಿ ಮಾಡಿ, "ಅದೊಂದ ಕಪ್ಪು ಕಲಿ ಐತಿ ಇದ್ರಾಗ. ಹದಿನೆಂಟು ವರ್ಷದಿಂದ ದಿನಾ ಮುಂಜಾನೆ ಆ ಕೂಸಿಗೆ ಬೈಕೋಂತ ಕೇಳೇನಿ" ಎಂದರು.

ಅತ್ತೆ ಎದ್ದು ನಿಂತು ಸ್ಲೇಟನ್ನು ತಲೆಯ ಮೇಲೆ ಎತ್ತಿ ಎಲ್ಲರಿಗೂ ತೋರಿಸಿದಳು. ಒಂದೇ ಪದ: "ಮೂಗಿ."

ಎಲ್ಲರೂ ನನ್ನತ್ತ ತಿರುಗಿದರು. ನಾನು ಇನ್ನಾಸಪ್ಪನವರತ್ತ ತಿರುಗಿದೆ. ಅವರು ನೆಲ ನೋಡುತ್ತ ಹೇಳಿದರು, "ನಿಂಗೆ ಆಗ ನಾಲ್ಕೂವರೆ. ಅಲ್ಲೀವರ್ಗೂ ಒಂದಕ್ಷರ ಆಡಿರ್ಲಿಲ್ಲ ನೀನು. ಅವ್ವ ಅನ್ಲಿಲ್ಲ, ಅಪ್ಪ ಅನ್ಲಿಲ್ಲ, ಅತ್ತೆ ಅನ್ಲಿಲ್ಲ. ಡಾಕ್ಟ್ರು ಇವಳಿಗೆ ಮಾತು ಬರಲ್ಲ ಅಂದ್ಬಿಟ್ಟಿದ್ರು. ಅವತ್ತು ಅಂಗಡೀಲಿ ನಾವು ಮೂರೇ ಜನ. ಇದು ಹಾಕಿದ್ದೆ. ಕಾತಿ ಎಂದಿನ ಹಾಗೆ ವಟವಟ ಅಂತಿದ್ಲು, ಅದ್ಯಾವ್ದೂ ಕೂರ್ಲಿಲ್ಲ ನೋಡು. ನೀನು ಇದ್ದಕ್ಕಿದ್ದಂಗೆ ಹಂಗಂದೆ. ನಿಮ್ಮತ್ತೆ ಆಮೇಲೆ ಒಂದು ಗಂಟೆ ಮಾತೇ ಆಡ್ಲಿಲ್ಲ. ಅಷ್ಟ್ ಹೊತ್ತು ಅವಳ ಜನ್ಮದಲ್ಲಿ ಅದೊಂದೇ ಸಲ. ನಾನು ಹೆದ್ರಿ ಸೋಡಾ ತರಿಸ್ದೆ."

ಜ್ವರ ಇರಬಹುದು ಎಂದು ನಾನು ಮೂರು ಸಲ ಬರೆದಿದ್ದೆ. ಮೂರು ಸಲವೂ ಅವಳು ಆ ಖಾಲಿ ಗೆರೆಗಾಗಿ ಕಾದಿದ್ದಳು, ಮೂರು ಸಲವೂ ಊರಿನವರು ಅಲ್ಲಿಗೆ ಹೋಗಲು ಬಿಟ್ಟಿರಲಿಲ್ಲ. ನಾನು ಅವಳ ದನಿಗಾಗಿ ಇಡೀ ಅಂಗಡಿ ಹುಡುಕಿದ್ದೆ. ಅವಳಿಗೆ ಬೇಕಾಗಿದ್ದದ್ದು ನನ್ನದು. ಅದು ನನ್ನ ಯಾವ ಡೈರಿಯಲ್ಲೂ ಇರಲಿಲ್ಲ, ಡೈರಿ ಶುರುವಾಗುವುದಕ್ಕೆ ಮೊದಲಿನದು.

"ಪ್ಲೇಟು ಮುಗೀತಾ ಬಂತು," ಎಂದರು ಇನ್ನಾಸಪ್ಪ. "ಹೇಳು ಮಗಾ."

ಒಳ್ಳೆಯ ವಾಕ್ಯವೊಂದು ತಯಾರಾಗಿತ್ತು. ಅದರಲ್ಲಿ 'ಆದಾಗ್ಯೂ' ಎಂಬ ಪದ ಕೂಡ ಇತ್ತು. ಬಾಯಿ ತೆರೆದಾಗ ಅದು ಬರಲಿಲ್ಲ. ಬಂದದ್ದು ಇದು: "ಇನ್ನೊಂದ್ ಸಲ ಹಾಕ್ತೀರಾ?"

ಈ ಸಲ ಬೆಂಚು ನಗಲಿಲ್ಲ. ನಾನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಕುಂಚ ಡ್ರಮ್ಮಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಆಡಿ ನಿಂತಿತು. ಮುಳ್ಳು ಎತ್ತಿದ ಸದ್ದು. ಆಮೇಲೆ ಕುರ್ಚಿ ಸರಿದ ಸದ್ದು. ಬೆರಳುಗಳ ನಡುವಿನಿಂದ ನೋಡಿದರೆ ಅಡಿವೆಪ್ಪ ಮಾಸ್ತರು ತಮ್ಮ ಕಂದು ಗುಂಡಿಯನ್ನು ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

"ನೀನ ಏನಬೇ ಅದು?" ಎಂದರು. "ಬೇಸ್ ಎತ್ತೋ ಹೊತ್ತಿಗೆ ಸರಿಯಾಗಿ ಬಾಯಿ ಹಾಕ್ತಿಯಲ್ಲ. ಈಗೂ ಹಂಗ ಹಾಕಿದಿ." ಬಾಗಿಲವರೆಗೆ ಹೋಗಿ ತಿರುಗಿದರು. "ವಾರಕ್ಕೊಮ್ಮೆ ನಿಮ್ಮ ಮನಿಗೆ ಬರ್ತೀನಿ, ಗುರುವಾರ. ಯಾರೂ ಮಾತಾಡಂಗಿಲ್ಲ." ಅತ್ತೆ ಎದೆಯ ಮೇಲೆ ಕೈಯಿಟ್ಟು, ತನ್ನಿಂದ ಯಾವ ತೊಂದರೆಯೂ ಆಗದೆಂದು ಭರವಸೆ ಕೊಟ್ಟಳು. ಅಂಗಡಿ ಬಿದ್ದು ಬಿದ್ದು ನಕ್ಕಿತು.

ಸೋಮವಾರ ವ್ಯಾನು ಬಂತು, ಹೋಯಿತು. ಹೊಸ ನಲವತ್ತೊಂದು ಬಂದಿವೆ, ಹೊದಿಕೆಗಳೆಲ್ಲ ಫಳಫಳ. ಮೊದಲ ಸಂಜೆ ಊರಿನವರು ಕೂತು ಕೇಳಿದರು. ಅಷ್ಟೊಂದು ಸ್ವಚ್ಛವಾದದ್ದನ್ನು ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಬೇರೆಯವರ ಮನೆಯ ಹಾಸಿಗೆಯ ಮೇಲೆ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದರು. ಬಹಳ ಹೊತ್ತಾದ ಮೇಲೆ ಅಂಚೆಯಣ್ಣ ಮೆಲ್ಲಗೆ ಕೆಮ್ಮಿದ. ಎಲ್ಲರಿಗೂ ಸಮಾಧಾನವಾಯಿತು. ಈಗ ಮಾತುಕತೆ ಮೊದಲಿನ ಹಾಗೆ ನಡೆಯುತ್ತಿದೆಯಂತೆ. ಜೈನಾಬಿ ತನ್ನ "ಛತ್ರಿ"ಯನ್ನು ಹೊಲಿಗೆ ಮೆಷಿನ್ನಿನ ಪಕ್ಕ ಇಟ್ಟುಕೊಂಡಿದ್ದಾಳೆ. ನಾನು ರವಿಕೆ ಹೊಲಿಸುವ ನೆಪದಲ್ಲಿ ಹೋಗುತ್ತೇನೆ. ಈ ಎರಡು ತಿಂಗಳಲ್ಲಿ ನನಗೆ ಆರು ರವಿಕೆಗಳಾಗಿವೆ. ನಾನು ಸೀರೆ ಉಡುವುದಿಲ್ಲ.

"ಹಸಿರು ಬಾಗಿಲು" ನಮ್ಮ ಮನೆಯಲ್ಲಿದೆ. ಇನ್ನಾಸಪ್ಪನವರು ರೆಕಾರ್ಡು ಹಾಕುವ ಒಂದು ಹಳೆಯ ಪೆಟ್ಟಿಗೆ ಕೊಟ್ಟಿದ್ದಾರೆ. ಗುರುವಾರ ಮಾಸ್ತರು ಬಂದು ಕಣ್ಣುಮುಚ್ಚಿ ಕೂರುತ್ತಾರೆ. ಮೊದಲ ಗುರುವಾರ ಎರಡನೇ ಬದಿ ಹಾಕಿದೆವು. ಖಾಲಿ ಗೆರೆ ಬಂತು. "ಇನ್ನೊಂದ್ ಸಲ ಹಾಕ್ತೀರಾ?" ಎಂದಿತು ಮಗು. ಆಮೇಲೆ ಎರಡನೇ ರಾಗ. ಇನ್ನಾಸಪ್ಪನವರ ಅಷ್ಟುದ್ದದ ಕಥೆಯಲ್ಲಿ ಒಂದಕ್ಷರವೂ ಕೂತಿರಲಿಲ್ಲ. ಕೊನೆಯ ಹತ್ತಿರ ದೊಡ್ಡ ಹೆಂಗಸೊಬ್ಬಳ ದನಿ ಬಂತು, ಅದೇ ಮೂಗಿನಲ್ಲಿ: "ಇನ್ನೊಂದ್ ಸಲ ಹಾಕ್ತೀರಾ?" ನನ್ನ ದನಿ ಹೀಗಿದೆಯೆಂದು ನನಗೆ ಗೊತ್ತಿರಲಿಲ್ಲ. ಕೇಳಲು ಅಷ್ಟೇನೂ ಕೆಟ್ಟದಾಗಿಲ್ಲ.

ಅದರ ಬೆನ್ನಿಗೇ, ಕುಂಚದ ಸದ್ದಿನ ಕೆಳಗೆ, ಇನ್ನೊಂದು ಸದ್ದು. ಟಕ್. ಕಿರ್ರ್. ಟಕ್ ಟಕ್. ಕಿರ್ರ್ ಎಂದು ಉದ್ದಕ್ಕೆ ಒಂದು, ಗುಂಡಗೆ ಒಂದು. ಮಾಸ್ತರು ಕಣ್ಣು ತೆರೆದರು. ನಾನು ಮುಖ ಮುಚ್ಚಿಕೊಂಡಿದ್ದಾಗ ನನ್ನ ಹಿಂದೆ ನಿಂತು ಅತ್ತೆ ಸ್ಲೇಟಿನ ಮೇಲೆ ಏನೋ ಬರೆದಿದ್ದಳು. ಅದು ಕೂತಿತ್ತು.

"ಅವತ್ತು ಏನ್ ಬರ್ದೆ ಅತ್ತೆ?" ಎಂದೆ.

ಅವಳು ಸೀಲಿಂಗು ನೋಡಿದಳು. ನೆನಪಿಲ್ಲವೆಂದು ಭುಜ ಕುಣಿಸಿದಳು. ಅವಳಿಗೆ ನೆನಪಿದೆ ಎಂದು ಅವಳ ಮೂಗಿನ ಹೊಳ್ಳೆಗಳು ಹೇಳುತ್ತಿದ್ದವು. ನಾನು ಬಿಡಲಿಲ್ಲ. ಮೊಣಕಾಲ ಮೇಲೆ ಡೈರಿ ಬಿಚ್ಚಿ, ಪೆನ್ಸಿಲ್ಲು ಹಿಡಿದು ಅವಳನ್ನೇ ನೋಡುತ್ತ ಕೂತೆ. ಸ್ವಲ್ಪ ಹೊತ್ತು ಸತಾಯಿಸಿ, ಬಳಪವನ್ನು ನಾಲಿಗೆಗೆ ತಾಗಿಸಿ, ಟಕ್ ಟಕ್ ಎಂದು ಬರೆದು, ಸ್ಲೇಟನ್ನು ನನ್ನ ಮುಖದ ಮುಂದೆ ಹಿಡಿದಳು.

"ಕಿವಿ ಇಲ್ವಾ? ಇನ್ನೊಂದ್ ಸಲ ಹಾಕು."